ಹೊಸಿಲು ಬಿಟ್ಟು ಬಂದ ಬಾಗಿಲು

ಮೊದಲ ಸಲ ಅವರನ್ನು ನೋಡಿದಾಗ ಕಳ್ಳನೇ ಇರಬೇಕು ಅಂದುಕೊಂಡಿದ್ದೆ. ಶಾಲೆಯಲ್ಲಿ ಪಾಠ ಮುಗಿಸಿ, ಕಾರವಾರದ ಬಸ್ಸಿನಿಂದಿಳಿದು ಅಂಕೋಲೆಯ ನಮ್ಮ ಮನೆಗೆ ಬಂದರೆ ಮುಂಬಾಗಿಲಿಗೆ ಕಿವಿ ಹಚ್ಚಿಕೊಂಡು ಒಬ್ಬ ಗಂಡಸು ನಿಂತಿದ್ದ. ಕಣ್ಣು ಮುಚ್ಚಿತ್ತು. ಬೆರಳ ಗೆಣ್ಣಿನಿಂದ ಮರವನ್ನು ಕುಟ್ಟುತ್ತಾನೆ, ಕೇಳುತ್ತಾನೆ, ಮತ್ತೆ ಕುಟ್ಟುತ್ತಾನೆ. "ಯಾರದು?" ಎಂದು ಗದರಿದೆ. ಆಸಾಮಿ ಕಣ್ಣು ಬಿಡಲಿಲ್ಲ. ಕೈಯೊಂದನ್ನು ಮೇಲೆತ್ತಿ ನನ್ನನ್ನೇ ಸುಮ್ಮನಿರಿಸಿ, "ಸ್ವಲ್ಪ ತಡೀರಿ ಅಕ್ಕೋರೆ. ಒರಲೆ ಊಟಕ್ಕೆ ಕೂತದೆ" ಅಂದ.

ನನ್ನ ಗಂಡ ಕರೆಸಿದ್ದ ಆಚಾರಿ ಅವರು. ಅಂಕೋಲೆ, ಕಾರವಾರದ ಹಳೆಯ ಮನೆಗಳಲ್ಲಿ ಬಾಗಿಲು ಕೆಟ್ಟರೆ ಅವರಿಗೇ ಹೇಳಿಕಳಿಸುತ್ತಿದ್ದರು. ಮಂಚ, ಕಪಾಟು, ಕುರ್ಚಿ ಯಾವುದನ್ನೂ ಅವರು ಮುಟ್ಟುತ್ತಿರಲಿಲ್ಲ. "ಮಂಚಕ್ಕೆ ಎಂತಾ ಕೆಲ್ಸ ಅದೆ? ಬಿದ್ಕಂಡಿರೂದು. ಬಾಗ್ಲು ಹಾಂಗಲ್ಲ. ದಿನಾ ಮನಷ್ರ ಸಂಗ್ತಿಗೆ ಜಗಳಾಡ್ಬೇಕು" ಎನ್ನುತ್ತಿದ್ದರು. ಒರಲೆಯ ಸದ್ದು ಕೇಳುತ್ತೇನೆ ಎಂದು ಅವರು ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದನ್ನು ಕಂಡರೆ ನನ್ನ ಗಂಡನಿಗೆ ನಗು. "ಒರಲೆ ಸದ್ದಲ್ಲ ಮಾರಾಯ್ತಿ, ಒಳಗಿನ ಸುದ್ದಿ ಕೇಳ್ತಾ ನಿಂತದ್ದು" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಅದರಲ್ಲೇನೂ ಸುಳ್ಳಿರಲಿಲ್ಲ.

ಈ ಆಷಾಢದಲ್ಲಿ ಅವರು ತೀರಿಕೊಂಡರು. ಅವರನ್ನು ನೆನೆದರೆ ನನಗೆ ಈಗಲೂ ಮೊದಲು ಬರುವುದು ಕುತೂಹಲ, ದುಃಖ ಅದರ ಹಿಂದೆ ಮೆಲ್ಲಗೆ ಬರುತ್ತದೆ. ಅವರಿಗೂ ನನಗೂ ಒಂದೇ ಒಂದು ಗುಣ ಸಮಾನವಾಗಿತ್ತು. ಇನ್ನೊಬ್ಬರ ಮನೆಯ ವಿಷಯ ತಿಳಿಯದೆ ಇಬ್ಬರಿಗೂ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಹೀಗಾಗಿ ಅವರು ಕೆಲಸಕ್ಕೆ ಬಂದ ದಿನ ನಾನು ಬೇಗ ಬೇಗ ಮನೆಗೆ ಬಂದು, ಬನ್ಸು, ಚಹಾ ಅವರ ಮುಂದಿಟ್ಟು, ಕುರ್ಚಿ ಎಳೆದುಕೊಂಡು ಕೂತುಬಿಡುತ್ತಿದ್ದೆ.

ಸುದ್ದಿ ಹೇಳುವುದರಲ್ಲೂ ಅವರದೊಂದು ನೇಮವಿತ್ತು. ಅಂಕೋಲೆಯ ಮನೆಗಳ ಸುದ್ದಿ ಕಾರವಾರದಲ್ಲಿ ಹೇಳಬೇಕು, ಕಾರವಾರದ್ದು ಅಂಕೋಲೆಯಲ್ಲಿ. "ಆಯಾ ಊರದ್ದು ಆಯಾ ಊರಲ್ಲಿ ಹೇಳಿದ್ರೆ ಅದು ಚಾಡಿ ಆಗ್ತದೆ ಅಕ್ಕೋರೆ. ಹೊಳೆ ದಾಟಿಸಿ ಹೇಳಿದ್ರೆ ಬರೀ ಕತೆ" ಎಂದು ಗಂಭೀರವಾಗಿ ಹೇಳುತ್ತಿದ್ದರು. ಬಾಗಿಲು ನೋಡಿಯೇ ಅವರು ಮನೆಯ ಜಾತಕ ಬರೆಯುತ್ತಿದ್ದರು. ಅಗಳಿಯ ಬುಡದಲ್ಲಿ ಮರ ಸವೆದಿದ್ದರೆ ಅಂಜುಬುರುಕರ ಮನೆ. ಕದದ ಕೆಳಗಿನ ಹಲಗೆ ಸೀಳಿದ್ದರೆ ಯಾರೋ ಕಾಲಿನಿಂದ ಬಾಗಿಲು ಹಾಕುತ್ತಾರೆ, ಆ ಮನೆಯಲ್ಲಿ ಸಿಟ್ಟಿನ ಸೊಸೆ ಇದ್ದಾಳೆ. ನಮ್ಮ ಬಾಗಿಲನ್ನು ನೋಡಿ, "ಇಲ್ಲಿ ಯಾರೋ ಕದದ ಸಂದಿಯಿಂದ ಹಣಕಿ ನೋಡಿಯೇ ಬಾಗ್ಲು ತೆಗೆಯುದು. ಹಣೆ ತಾಗಿ ತಾಗಿ ಎಣ್ಣೆ ಕಲೆ ಆಗದೆ" ಅಂದರು. ಎಣ್ಣೆ ಹಚ್ಚಿ ತಲೆ ಬಾಚುವವಳು ಈ ಮನೆಯಲ್ಲಿ ನಾನೊಬ್ಬಳೇ. ನನ್ನ ಗಂಡ ಕೆಮ್ಮುತ್ತ ಒಳಗೆ ಹೋದರು.

ಹಾಗಂತ ಅವರು ಹೇಳಿದ್ದೆಲ್ಲ ವೇದವಾಕ್ಯವೇನಲ್ಲ. ಜಂಬ ಎಷ್ಟಿತ್ತೋ ತಪ್ಪೂ ಅಷ್ಟೇ ಇತ್ತು. ಒಂದು ಮಳೆಗಾಲ ನಮ್ಮ ಹಿತ್ತಿಲ ಬಾಗಿಲು ನೀರು ಕುಡಿದು ಉಬ್ಬಿ ಅಲ್ಲಾಡದೆ ಕೂತಿತು. ಬಿಸಿಲು ಬರಲಿ, ಒಣಗಿದ ಮೇಲೆ ನೋಡೋಣ ಎಂದು ನಾನು ಹೇಳಿದೆ. ಕೇಳಿದರೆ ತಾನೆ? "ಅಕ್ಕೋರೆ, ಶಾಲೆಯಲ್ಲಿ ನೀವು ಹೇಳಿ ನಾ ಕೇಳ್ತೆ. ಬಾಗ್ಲ ಹತ್ರ ನಾ ಹೇಳ್ತೆ, ನೀವು ಕೇಳಿ" ಎಂದು ಕೀಸುಳಿ ಹಿಡಿದು ಚರಚರ ಕೆತ್ತಿದರು. ಮಾರ್ಚಿ ತಿಂಗಳಲ್ಲಿ ಬಾಗಿಲು ಒಣಗಿ ಕುಗ್ಗಿತು. ಮುಚ್ಚಿದ ಬಾಗಿಲ ಸಂದಿನಿಂದಲೇ ನೆರೆಮನೆಯ ಬೆಕ್ಕು ಓಡಾಡತೊಡಗಿತು. ಕರೆಸಿ ತೋರಿಸಿದರೆ ಕಣ್ಣು ಸಣ್ಣ ಮಾಡಿ ನೋಡಿ, "ಗಾಳಿ ಬರ್ಲಿ ಹೇಳಿಯೇ ಬಿಟ್ಟದ್ದು. ಸೆಖೆಗೆ ಬೇಕಲ್ದಾ?" ಅಂದರು. ಒಂದು ಪಟ್ಟಿ ಹೊಡೆದು ಸಂದು ಮುಚ್ಚಿಕೊಟ್ಟರು, ತಪ್ಪಾಯಿತು ಅನ್ನುವ ಮಾತು ಮಾತ್ರ ಬಾಯಿಂದ ಬರಲಿಲ್ಲ.

ನಮ್ಮ ಮುಂಬಾಗಿಲಿನ ರೋಗ ದೊಡ್ಡದಿತ್ತು. ಕರಾವಳಿಯ ಮಳೆಗೆ ಮೊದಲು ಕೊಳೆಯುವುದು ದಾರಂದ, ಅಂದರೆ ಬಾಗಿಲ ಚೌಕಟ್ಟು. ಅದರಲ್ಲೂ ನೆಲಕ್ಕೆ ತಾಗಿದ ಕಂಬದ ಬುಡ. ಅವರು ಎರಡೂ ಕಂಬಗಳ ಕೊಳೆತ ಕಾಲನ್ನು ಕೊಯ್ದು ತೆಗೆದು, ಆ ಜಾಗಕ್ಕೆ ಹೊಸ ಹಲಸಿನ ತುಂಡು ಕೂರಿಸಿ, ಹಳತು ಹೊಸತು ಒಂದಕ್ಕೊಂದು ಕಚ್ಚಿಕೊಳ್ಳುವ ಹಾಗೆ ಸಂದು ಮಾಡಿದರು. ಕೈಯಾಡಿಸಿದರೂ ಎಲ್ಲಿ ಸೇರಿದೆ ಎಂದು ಗೊತ್ತಾಗುತ್ತಿರಲಿಲ್ಲ. ಹೊಸಿಲು ಪೂರ್ತಿ ಟೊಳ್ಳಾಗಿತ್ತು. ನನ್ನ ಹತ್ತಿರ ಅರಿಶಿನ ಕುಂಕುಮ ತರಿಸಿ ಅದಕ್ಕೆ ಹಚ್ಚಿ, ಹಾರೆ ಹಾಕಿ ಮೀಟುತ್ತ, "ಏಳು ಮಾರಾಯ್ತಿ, ಸಾಕು. ಎಷ್ಟ್ ಜನ್ರ ಕಾಲು ತಡಕಂಡೆ" ಎಂದು ಹೊಸಿಲಿನ ಹತ್ತಿರವೇ ಮಾತಾಡಿದರು. ಹೊಸ ಹೊಸಿಲಿನ ಕೆಳಗೆ ಹಾಕಲು ನವಧಾನ್ಯ, ಒಂದು ಚೂರು ಬಂಗಾರ ಬೇಕೆಂದರು. ಕಿವಿಯ ಮುರಿದ ತಿರುಪು ಕೊಟ್ಟೆ. ಹಳೆಯ ಹೊಸಿಲನ್ನು ಒಲೆಗೆ ಹಾಕಬಾರದು, ತೆಂಗಿನ ಬುಡದಲ್ಲಿ ಮಣ್ಣಾಗಲು ಬಿಡಬೇಕು ಎಂದು ತಾಕೀತು ಮಾಡಿ ಹೋದರು.

ಆ ಬಾಗಿಲ ಕದ ತಿರುಗಿಸುವ ಬಿಜಾಗ್ರಿ ತರಲು ಅವರು ಕಾರವಾರಕ್ಕೆ ಹೊರಟ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿದ್ದೆವು. ಅವರ ಬಾಯಿಗೆ ಬಿಡುವಿರಲಿಲ್ಲ. ಅರ್ಗಾ ಹತ್ತಿರ ಬಂದು ನೌಕಾನೆಲೆಯ ಉದ್ದನೆಯ ಗೋಡೆ ಶುರುವಾಯಿತು ನೋಡಿ, ಮಾತು ಕಡಿದ ಹಾಗೆ ನಿಂತಿತು. ಎಲ್ಲರೂ ಸಮುದ್ರದ ಕಡೆ ನೋಡಿದರೆ ಇವರು ಗುಡ್ಡದ ಕಡೆ ಮುಖ ತಿರುಗಿಸಿ ಕೂತರು. ಗೋಡೆ ಮುಗಿದ ಮೇಲೆ, ಬಿಟ್ಟಲ್ಲಿಂದಲೇ ಮಾತು ಮುಂದುವರಿಸಿದರು. ನೌಕಾನೆಲೆಗಾಗಿ ಎಬ್ಬಿಸಿದ ಊರುಗಳಲ್ಲಿ ಅವರದೂ ಒಂದು, ಅದು ಆ ಗೋಡೆಯ ಒಳಗಿತ್ತು ಎಂದು ನನಗೆ ಗೊತ್ತಿತ್ತು. ಊರು ಬಿಟ್ಟವರಲ್ಲಿ ಕೆಲವರು ಆ ಜಾಗ ಬಂದಾಗ ಕೈ ಮುಗಿಯುತ್ತಾರೆ, ಕೆಲವರು ನಮ್ಮ ಮಾವಿನ ಮರ ಅಲ್ಲಿತ್ತು ಎಂದು ತೋರಿಸುತ್ತಾರೆ. ಮುಖ ತಿರುಗಿಸುವವರನ್ನು ನಾನು ನೋಡಿದ್ದು ಅವತ್ತೇ. ನನ್ನ ಕುತೂಹಲದ ಹುಳ ಸುಮ್ಮನೆ ಕೂರಲಿಲ್ಲ. ಒಂದು ಭಾನುವಾರ ಉಳಿದ ಕೂಲಿ ಕೊಡುವ ನೆಪದಲ್ಲಿ ಅವರ ಮನೆಗೇ ಹೋದೆ.

ಹೆದ್ದಾರಿಯ ಪಕ್ಕದ ಪುನರ್ವಸತಿ ಕಾಲೊನಿಯಲ್ಲಿ ಸಿಮೆಂಟಿನ ಪುಟ್ಟ ಮನೆ. ಮುಂಬಾಗಿಲು ನೋಡಿ ನಾನು ಹಾಗೇ ನಿಂತೆ. ತಗಡು! ನಾಲ್ಕು ರೀಪಿಗೆ ತಗಡು ಹೊಡೆದು, ಮೇಲೆ ಹಸಿರು ಬಣ್ಣ ಬಳಿದದ್ದು. ಹೊಸಿಲೇ ಇಲ್ಲ, ಅಂಗಳದ ನೆಲ ಹಾಗೇ ಒಳಗೆ ಹೋಗಿತ್ತು. ಊರಿಗೆಲ್ಲ ಹಲಸು, ಸಾಗವಾನಿ ಎಂದು ಭಾಷಣ ಬಿಗಿಯುವವರ ಮನೆ ಇದು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ ಅಂದುಕೊಂಡೆ.

ಅವರ ಹೆಂಡತಿ ಒಳಗೆ ಕರೆದರು. ಮಾತು ಕಡಿಮೆ, ಕಣ್ಣು ಚುರುಕು. ನಾನು ಬಾಗಿಲನ್ನೇ ನೋಡುವುದನ್ನು ಕಂಡು, ಬನ್ನಿ ಅಂದು ಮನೆಯ ಪಕ್ಕದ ಮಾಡಿನ ಕೆಳಗೆ ಕರೆದುಕೊಂಡು ಹೋಗಿ ಒಂದು ತಾಡಪತ್ರಿ ಎತ್ತಿದರು. ಎರಡು ಕದದ ಹಲಸಿನ ಬಾಗಿಲು, ಗೋಡೆಗೆ ಒರಗಿಸಿಟ್ಟದ್ದು. ಜೇನಿನ ಬಣ್ಣ. ಪಕ್ಕದಲ್ಲಿ ದಾರಂದದ ಕಂಬಗಳು. ಒಂದು ಚೂರು ಧೂಳಿಲ್ಲ, ಗೇರೆಣ್ಣೆಯ ವಾಸನೆ ಬರುತ್ತಿತ್ತು.

"ವರ್ಷಕ್ಕೊಂದ್ಸಲ ಎಣ್ಣೆ ಹಚ್ತ್ರು, ಮತ್ತೆ ಮುಚ್ಚಿಡ್ತ್ರು" ಅಂದರು ಅವರು. "ಊರು ಬಿಡೂವಾಗ ತಂದದ್ದು. ಆಗ ನಮ್ಮ ಮಗ ತೊಟ್ಲಲ್ಲಿದ್ದ. ಒಂದ್ ತಿಂಗ್ಳ ಮಟ್ಟಿಗೆ ಹೇಳಿ ತಗಡು ಹೊಡೆದ್ರು. ಮಗಂಗೆ ಮೀಸೆ ಬಂತು, ತಗಡು ಅಲ್ಲೇ ಅದೆ."

"ನೀವು ಹೇಳಬಾರದಾ?"

"ಹೇಳಿ ಹೇಳಿ ನಾಲಿಗೆ ಸವೀತು ಅಕ್ಕೋರೆ. ನಂಗೆ ಬಂಗಾರ ಬ್ಯಾಡ. ಬೆಳಿಗ್ಗೆ ಎದ್ದು ರಂಗೋಲಿ ಹಾಕೂಕೆ ಒಂದ್ ಹೊಸ್ಲು ಬೇಕು. ಅದ್ಕಿಂತ ಹೆಚ್ಚು, ಈ ಬಾಗ್ಲು ಇಲ್ಲಿ ಕೂತ್ರೆ ಇವ್ರೂ ಇಲ್ಲಿ ಕೂತ್ರು ಹೇಳಿ ಆಗ್ತದೆ. ಇಷ್ಟ್ ವರ್ಷ ಆದ್ರೂ ನೆಂಟ್ರ ಮನೆಗೆ ಬಂದವ್ರ ಹಾಂಗೆ ಇರ್ತ್ರು. ಅಂಗಿನೂ ಒಳಗೆ ತೂಗ್ಹಾಕುದಿಲ್ಲ, ಜಗಲಿ ಮೊಳೆಗೇ ಸಿಕ್ಕಿಸ್ತ್ರು."

ನೋಡಿದೆ. ಜಗಲಿಯ ಮೊಳೆಯಲ್ಲಿ ಅವರ ಅಂಗಿ ನೇತಾಡುತ್ತಿತ್ತು. ಆ ಹೆಂಗಸನ್ನು ಕಂಡು ನನಗೆ ಅಯ್ಯೋ ಅನಿಸಿತು, ಅವರ ಗಂಡನ ಮೇಲೆ ಚೆನ್ನಾಗಿ ಸಿಟ್ಟು ಬಂತು.

ಆಚಾರ್ರು ಮುಂದಿನ ಸಲ ನಮ್ಮ ಮನೆಗೆ ಬಂದಾಗ ಕೇಳಿಯೇ ಬಿಟ್ಟೆ. ಅವರ ಹತ್ತಿರ ಉತ್ತರಕ್ಕೇನು ಬರಗಾಲ? ಒಮ್ಮೆ ಗೋಡೆ ಸರಿಯಿಲ್ಲ ಅಂದರು. ಒಮ್ಮೆ ಆ ಮನೆ ಪಡುವಣಕ್ಕೆ ಮುಖ ಮಾಡಿದೆ, ಈ ಬಾಗಿಲು ಮೂಡಣ ನೋಡಿದ್ದು ಅಂದರು. ಇನ್ನೊಮ್ಮೆ, "ಪುರುಸೊತ್ತೆಲ್ಲಿ? ನಿಮ್ಮಂಥವ್ರ ಮನೆ ಬಾಗ್ಲು ಮುಗೀಬೇಕಲ್ಲ" ಎಂದು ನನ್ನ ತಲೆಗೇ ಕಟ್ಟಿದರು. ಕಡೆಗೆ ನಿಜ ಸಿಕ್ಕಿದ್ದು ಹೆಂಡತಿಯಿಂದಲೇ. ಅಂಕೋಲೆಯ ಸಂತೆಯಲ್ಲಿ ಸಿಕ್ಕವರು ಬಸವಳೆ ಸೊಪ್ಪಿನ ಕಟ್ಟು ಕೈಯಲ್ಲಿ ಹಿಡಿದೇ ಹೇಳಿದರು.

"ಲಾರಿ ಬಂದು ನಿಂತಿತ್ತು. ಇವ್ರು ಕದ ಬಿಚ್ಚಿ ಹೊರಗಿಟ್ಟು, ದಾರಂದ ಕೀಳೂಕೆ ಹಾರೆ ಹಿಡಿದ್ರು. ನಮ್ಮತ್ತೆ ಬಂದು ಹೊಸ್ಲ ಮೇಲೆ ಕೂತ್ಕಂಡ್ರು. 'ಹೊಸ್ಲು ಕೀಳ್ಬ್ಯಾಡ ಮಗಾ. ನಾಳೆ ತಿರುಗಿ ಬಂದ್ರೆ ಮನೆ ಎಲ್ಲಿತ್ತು ಹೇಳಿ ಗೊತ್ತಾಗೂದು ಹ್ಯಾಂಗೆ?' ಅಂದ್ರು. ಎಷ್ಟ್ ಹೇಳಿದ್ರೂ ಏಳ್ಲಿಲ್ಲ. ಲಾರಿಯವ ಹಾರ್ನ್ ಹೊಡೀತಾನೆ. ಇವ್ರಿಗೆ ಎಂತಾ ತೋಚ್ತೋ, ಗರಗಸ ತಂದು, ಅತ್ತೆ ಕೂತಿದ್ದ ಹಾಂಗೇ, ಅವ್ರ ಅತ್ಲಾಗೆ ಇತ್ಲಾಗೆ ಎರಡೂ ಕಂಬ ಗೇಣು ಮೇಲಿಂದ ಕೊಯ್ದುಬಿಟ್ರು. ಹೊಸ್ಲು ಅಲ್ಲೇ ಉಳೀತು. ಅತ್ತೆ ಆ ಮಳೆಗಾಲ ಕಳೀಲಿಲ್ಲ."

ಆ ಮಾತು ಕೇಳಿದ ಮೇಲೂ ನನ್ನ ತಲೆಯಲ್ಲಿ ಒಂದು ಸಂಶಯ ಉಳಿಯಿತು. ಕಂಬದ ಕಾಲು ಹೋದರೆ ಹೊಸ ಕಾಲು ಕೂರಿಸುವುದು ಅವರ ದಿನನಿತ್ಯದ ಕೆಲಸ. ನಮ್ಮ ಮನೆಯಲ್ಲಿ ಮಾಡಿದ್ದೇ ಅದು. ಹೊಸಿಲನ್ನೂ ಮಾತಾಡಿಸಿಕೊಂಡೇ ಕಿತ್ತಿದ್ದರು. ಅದನ್ನೇ ಕೇಳಿದೆ. "ಆಚಾರ್ರೆ, ಊರವರ ದಾರಂದಕ್ಕೆಲ್ಲ ಕಾಲು ಕೊಟ್ಟಿರಿ. ನಿಮ್ಮದಕ್ಕೆ ಕೊಡಲಿಕ್ಕೆ ಎಂತಾ ಕಷ್ಟ?"

ಅವರ ಕೈಯಲ್ಲಿದ್ದ ಬನ್ಸು ಬಾಯಿಗೆ ಹೋಗಲಿಲ್ಲ. ಹೆಂಡತಿ ಹೇಳಿದ್ದಾಳೆಂದು ಅವರಿಗೆ ಗೊತ್ತಾಯಿತು. ಸಿಟ್ಟಾಗುತ್ತಾರೆ ಅಂದುಕೊಂಡೆ. ಮೆಲ್ಲಗೆ ಹೇಳಿದರು, "ಅವೆಲ್ಲಾ ಹುಳ ತಿಂದದ್ದು ಅಕ್ಕೋರೆ. ಇದು ನಾ ಕೊಯ್ದದ್ದು."

ಬನ್ಸನ್ನು ತಟ್ಟೆಗೆ ಹಾಕಿ ಮತ್ತೆ ಅಂದರು, "ಅದೂ ಸೊಟ್ಟ. ಗೆರೆ ಹಾಕ್ಲಿಲ್ಲ, ಅಳತೆ ಹಿಡೀಲಿಲ್ಲ. ಹೆತ್ತ ಆಯಿ ಮುಖ ನೋಡಿದ್ರೆ ಕೈ ನಡುಗ್ತದೆ ಹೇಳಿ ಎತ್ಲಾಗೋ ನೋಡ್ತಾ ಕೊಯ್ದೆ. ಈ ಕೈಯಲ್ಲಿ ಸೊಟ್ಟ ಗಾಯ ಬಿದ್ದದ್ದು ಅದೊಂದೇ." ಅಷ್ಟು ಹೇಳಿ, ಬನ್ಸನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಹೋದರು. ಹಿತ್ತಿಲ ಬಾಗಿಲ ಬೆಕ್ಕಿನ ಸಂದು ಅವರ ಲೆಕ್ಕದಲ್ಲಿ ಸೇರಿರಲಿಲ್ಲ ಅನ್ನುವುದನ್ನು ನೆನೆದು ಬೇರೆ ದಿನವಾದರೆ ನಗುತ್ತಿದ್ದೆ.

ಆಚಾರ್ರ ಮಗನಿಗೆ ಮದುವೆ ಗೊತ್ತಾಯಿತು. ಮಂಜಗುಣಿಯ ಹುಡುಗಿ. ಅವರ ಹೆಂಡತಿ ಶಾಲೆ ಬಿಡುವ ಹೊತ್ತಿಗೆ ನನ್ನನ್ನು ಹುಡುಕಿಕೊಂಡು ಬಂದರು. ಮುಖ ಇಷ್ಟಗಲ ಇರಬೇಕಿತ್ತು, ಸಣ್ಣಗಾಗಿತ್ತು. "ಸೊಸೆ ಸೇರಕ್ಕಿ ಒದೀಬೇಕು ಹೇಳಿದ್ರೆ ಹೊಸ್ಲು ಬೇಕಲ್ದಾ? ನೆಲದ ಮೇಲೆ ಇಟ್ಟು ಒದಿ ಹೇಳೂಕಾಗ್ತದಾ? ಇವ್ರಿಗೆ ಹೇಳಿದ್ರೆ, ಒಂದ್ ಹಲಗೆ ಅಡ್ಡ ಇಡುವಾ ಅಂತ್ರು. ಥೋ! ನನ್ನ ಮಗ ಎಂತಾ ನಾಟಕದ ಮದುವೆ ಆಗ್ತಾನಾ?" ಕಣ್ಣಲ್ಲಿ ನೀರಿತ್ತು. ಒರೆಸಿಕೊಂಡು ಕೇಳಿದರು, "ಬಾಳೆಗುಳಿ ಕ್ರಾಸಲ್ಲಿ ಬಾಗ್ಲ ಅಂಗಡಿ ಆಗದ್ಯಂತಲ್ಲ, ಅವ್ರ ಫೋನ್ ನಂಬ್ರ ನಿಮ್ಮ ಹತ್ರ ಅದೆಯಾ?"

ನಾನು ಬೆಚ್ಚಿದೆ. ಅದು ಸಿದ್ಧ ಬಾಗಿಲು ಮಾರುವ ಅಂಗಡಿ. ಇಂದು ಹೇಳಿದರೆ ನಾಳೆ ಬಂದು ಕೂರಿಸಿ ಹೋಗುತ್ತಾರೆ. ಆಚಾರ್ರು ಅದರ ಮಾಲೀಕನಿಗೆ ಇಟ್ಟ ಹೆಸರು ಹಪ್ಪಳದವ. ಅಲ್ಲಿನ ಬಾಗಿಲು ಒಂದು ಮಳೆ ಕಂಡರೆ ಹಪ್ಪಳದ ಹಾಗೆ ಏಳುತ್ತದೆ ಎಂದು ಅವರ ವಾದ. ಆದರೂ ನಂಬರು ಹುಡುಕಿ ಕೊಟ್ಟೆ. ಕೊಡುವಾಗ ಒಳಗೊಳಗೇ ಮಜವೂ ಅನಿಸಿತು, ಮುಚ್ಚಿಡುವುದೇಕೆ?

ಅಂಗಡಿಯವನು ಬಂದ ದಿನ ನಾನೂ ಅಲ್ಲಿದ್ದೆ. ಬಿಟ್ಟೇನೆಯೇ? ಆಚಾರ್ರು ಕಾರವಾರಕ್ಕೆ ಕೆಲಸಕ್ಕೆ ಹೋಗಿದ್ದವರು ಮಧ್ಯಾಹ್ನವೇ ಬಂದುಬಿಟ್ಟರು. ಯಾರು ಸುದ್ದಿ ಮುಟ್ಟಿಸಿದರೋ, ಅವರಿಗೆ ಸುದ್ದಿ ಮುಟ್ಟಿಸಲು ಜನರಿಗೆ ಕೊರತೆಯಿರಲಿಲ್ಲ. ಬಂದು ನೋಡುತ್ತಾರೆ, ತಾಡಪತ್ರಿ ಕೆಳಗೆ ಬಿದ್ದಿದೆ, ಆ ಮನುಷ್ಯ ಅಳತೆಪಟ್ಟಿ ಹಿಡಿದು ಹಲಸಿನ ಕದದ ಮುಂದೆ ಕೂತಿದ್ದಾನೆ. "ಚೊಲೋ ಮರ ಅದೆ. ಕದ ಒಂದ್ ಗೇಣು ಕೆಳಗಿಂದ ಕಟ್ ಮಾಡಿದ್ರೆ ಈ ಕಂಬಕ್ಕೇ ಕೂರ್ತದೆ ನೋಡಿ" ಎಂದು ಪಾಪ, ಒಳ್ಳೆಯ ಮಾತೇ ಹೇಳಿದ.

"ಕಟ್ ಮಾಡ್ತ್ಯಾ?" ಆಚಾರ್ರ ದನಿಗೆ ಪಕ್ಕದ ಮನೆಯವರು ಹೊರಗೆ ಬಂದರು. "ಕೊಯ್ದದ್ದು ಸಾಲ್ಲಿಲ್ಲ ಹೇಳಿ ಇನ್ನೂ ಕೊಯ್ತ್ಯಾ? ತೆಗಿ ಕೈ! ನನ್ನ ಆಯಿ ದಾರಂದಕ್ಕೆ ಹಪ್ಪಳದವ ಕೈ ಹಚ್ಚೂದಾ?"

ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರು ನಿಂತರು. ಅವರು ದನಿಯೆತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಹಾಂಗಾದ್ರೆ ನೀವು ಹಚ್ಚಿ. ಇಲ್ದಿದ್ರೆ ಅವ್ರೇ ಹಚ್ಚಲಿ. ನಾ ಈ ತಗಡಲ್ಲಿ ಸೊಸೆ ತರೂದಿಲ್ಲ. ಆಯಿ ಹೊಸ್ಲು ಬೇಕು ಹೇಳಿ ಕೂತ್ರು, ಆ ಹಠ ನಡೀತು. ಇವತ್ತು ನಾ ಕೂತ್ಕಂಡೆ ನೋಡಿ" ಎಂದು ತಗಡಿನ ಬಾಗಿಲಿಗೆ ಅಡ್ಡ, ಬರೀ ನೆಲದ ಮೇಲೆ ಕೂತುಬಿಟ್ಟರು.

ಆಚಾರ್ರು ಅವರನ್ನೇ ನೋಡಿದರು. ಅಂಗಡಿಯವನು ಅಳತೆಪಟ್ಟಿ ಸುತ್ತಿಕೊಂಡು ಮೆಲ್ಲಗೆ ಗಾಡಿ ಹತ್ತಿದ. ಆಚಾರ್ರು ನನ್ನ ಕಡೆ ತಿರುಗಿ, "ನಂಬ್ರ ಕೊಟ್ಟದ್ದು ನೀವೇ ಅಲ್ದಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಉಳಿ ಚೀಲ ಬಿಚ್ಚಿದರು. ಆಮೇಲೆ ಮದುವೆಯವರೆಗೆ ನನ್ನ ಹತ್ತಿರ ಮಾತು ಬಿಟ್ಟರು.

ಮದುವೆಗೆ ಹೋದಾಗ ಬಾಗಿಲು ನಿಂತಿತ್ತು. ಆ ಪುಟ್ಟ ಮನೆಗೆ ಅದು ದೊಡ್ಡದೇ ಆಯಿತು, ಆದರೂ ಏನು ಗಾಂಭೀರ್ಯ! ಹೊಸಿಲಿಗೆ ಅರಿಶಿನ, ರಂಗೋಲಿ. ಹೆಂಡತಿ ಬೆಳಿಗ್ಗೆ ಹಾಕಿದ ರಂಗೋಲಿಯನ್ನು ಯಾರೂ ತುಳಿಯದ ಹಾಗೆ ಕಾಯುತ್ತ ನಿಂತಿದ್ದರು. ನಾನು ಬಗ್ಗಿ ಕಂಬದ ಬುಡ ನೋಡಿದೆ. ನಮ್ಮ ಮನೆಯಲ್ಲಿ ಕಾಣದ ಹಾಗೆ ಸಂದು ಮಾಡಿದವರು ಇಲ್ಲಿ ಹಳೆಯ ಗಾಯವನ್ನು ಹಾಗೇ ಬಿಟ್ಟಿದ್ದರು. ಕಂಬದ ಸೊಟ್ಟ ಕೊಯ್ತವನ್ನು ನೆಟ್ಟಗೆ ಮಾಡಿರಲಿಲ್ಲ. ಹೊಸ ಮರವನ್ನೇ ಅಷ್ಟೇ ಸೊಟ್ಟ ಕೊಯ್ದು, ಒಂದಕ್ಕೊಂದು ಕೂರಿಸಿದ್ದರು. ಓರೆಯಾದ ಗೆರೆ ಎರಡೂ ಕಂಬಗಳಲ್ಲಿ ಎದ್ದು ಕಾಣುತ್ತಿತ್ತು.

ಹುಡುಗಿ ಸೇರಕ್ಕಿ ಒದ್ದು ಬಲಗಾಲಿಟ್ಟು ಒಳಗೆ ಬಂದಳು. ಅಕ್ಕಿ ಒಳಗೆಲ್ಲ ಹರಡಿತು. ಎಲ್ಲರೂ ಅವಳನ್ನು ನೋಡುತ್ತಿದ್ದರೆ ನನ್ನ ಹಾಳು ಕಣ್ಣು ಅವಳ ಮಾವ ಆಚಾರ್ರನ್ನು ಹುಡುಕಿತು. ಅಂಗಳದಲ್ಲಿ ನಿಂತಿದ್ದವರು ಮನೆಯನ್ನು ಸುತ್ತು ಹಾಕಿ, ಹಿತ್ತಿಲಿನಿಂದ, ಅಡುಗೆಯವರ ಹಂಡೆಗಳನ್ನು ದಾಟಿಕೊಂಡು ಒಳಗೆ ಬಂದರು. ಕೇಳಿದ್ದಕ್ಕೆ, "ಚಪ್ಪಲಿ ಹಿಂದೆ ಬಿಟ್ಟಿದ್ದೆ" ಅಂದರು.

ಅದಾದ ಮೇಲೆ ಎಷ್ಟೋ ಸಲ ಅವರ ಮನೆಗೆ ಹೋಗಿದ್ದೇನೆ. ಒಂದು ಸಲವೂ ಅವರು ಆ ಬಾಗಿಲಿನಿಂದ ಒಳಗೆ ಹೋಗಿದ್ದನ್ನು ನೋಡಲಿಲ್ಲ. ಜಗಲಿಯಲ್ಲಿ ಕೂತು ಮಾತಾಡುತ್ತಿದ್ದವರು ಊಟಕ್ಕೆ ಕರೆದರೆ ಮನೆ ಸುತ್ತಿಕೊಂಡು ಹಿಂಬಾಗಿಲಿಗೆ ಹೋಗುವರು. ಕಾಲು ಕೆಸರು, ಕೈ ಮಸಿ, ಬಾವಿಯ ಹತ್ತಿರ ಕೆಲಸವಿತ್ತು, ಹೀಗೆ ದಿನಕ್ಕೊಂದು ನೆಪ. ಮಳೆಯಲ್ಲಿ ನೆನೆದುಕೊಂಡಾದರೂ ಸುತ್ತಿಯೇ ಹೋಗುವರು. ಹಠಮಾರಿ ಮುದುಕ ಎಂದು ನನಗೆ ಮತ್ತೆ ಸಿಟ್ಟು ಬರುತ್ತಿತ್ತು. ಹೆಂಡತಿ ಮಾತ್ರ ಏನೂ ಅನ್ನುತ್ತಿರಲಿಲ್ಲ. ಅವರು ಸೋತರು, ಹೊಸಿಲು ಸಿಕ್ಕಿತು, ಗಂಡ ಸಿಗಲಿಲ್ಲ ಎಂದೇ ನಾನು ತಿಳಿದಿದ್ದೆ.

ಆಚಾರ್ರು ಹೋದ ಮೇಲೆ ಮಾತಾಡಿಸಲು ಹೋದೆ. ಸೊಸೆ ಚಹಾ ತಂದಿಟ್ಟಳು. ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಸಾವಿನ ಮನೆಯಲ್ಲಿ ಕೇಳುವ ಪ್ರಶ್ನೆಯಲ್ಲ ಅದು, ಆದರೂ ತಡೆಯಲಾಗಲಿಲ್ಲ. "ಕಡೆವರೆಗೂ ಅವರು ಆ ಬಾಗಿಲು ದಾಟಲೇ ಇಲ್ಲ, ಅಲ್ಲವಾ ಅಮ್ಮ?"

ಅವರು ನನ್ನನ್ನು ನೋಡಿದರು. ಕಣ್ಣು ಅತ್ತು ಕೆಂಪಾಗಿತ್ತು, ತುಟಿಯ ಮೂಲೆಯಲ್ಲಿ ಮಾತ್ರ ನಗು ಹಣಕಿತು.

"ಹೋದ್ವರ್ಷ ಚೌತಿ ಮುಗಿದ ಮೇಲೆ, ಮಗ ಸೊಸೆ ಮಂಜಗುಣಿಗೆ ಹೋಗಿದ್ರು. ನಾ ಸಂತೆಗೆ ಹೋಗ್ತೆ ಹೇಳಿ ಹೊರಟವ್ಳು ಕಾಲು ನೋವು ಹೇಳಿ ಹೋಗ್ಲಿಲ್ಲ, ಒಳಗೆ ಮಲಗಿದ್ದೆ. ಮನೇಲಿ ಯಾರೂ ಇಲ್ಲ ಹೇಳಿ ಇವ್ರು ತಿಳ್ಕಂಡಿದ್ರು. ಬಾಗ್ಲು ಸದ್ದಾಯ್ತು. ಹೊರಗೆ ನಿಂತು, ಬಗ್ಗಿ ಹೊಸ್ಲು ಮುಟ್ಟಿ ಕಣ್ಣಿಗೆ ಒತ್ಕಂಡ್ರು. ಮತ್ತೆ ಬಲಗಾಲಿಟ್ಟು ಒಳಗೆ ಬಂದ್ರು. ನಡುಮನೆಯಲ್ಲಿ ಸುಮಾರು ಹೊತ್ತು ಸುಮ್ನೆ ನಿಂತಿದ್ರು. ನಾ ಉಸಿರು ಬಿಗಿಹಿಡ್ದು ಮಲಗಿದ್ದೆ, ಎದ್ರೆ ಓಡಿಹೋಗ್ತ್ರು ಹೇಳಿ. ಮಾರನೇ ದಿನ ಮತ್ತೆ ಹಿಂಬಾಗ್ಲಿಂದ್ಲೇ ಬಂದ್ರು. ಬಂದು ಊಟಕ್ಕೆ ಕೂತು, 'ಮುಂದಿನ ಬಾಗ್ಲು ತೆಗೆಯೂವಾಗ ಸ್ವಲ್ಪ ಕಿರಗುಡ್ತದೆ, ಬಿಜಾಗ್ರಿಗೆ ಎಣ್ಣೆ ಬಿಡ್ಬೇಕು' ಅಂದ್ರು. ಹಿಂಬಾಗ್ಲಿಂದ ಬರೂವ್ರಿಗೆ ಅದು ಹ್ಯಾಂಗೆ ಗೊತ್ತಾಯ್ತು ಹೇಳಿ ನಾ ಕೇಳ್ಲಿಲ್ಲ ಅಕ್ಕೋರೆ. ಇನ್ನೊಂದ್ಚೂರು ಅನ್ನ ಬಡಿಸ್ದೆ."